ಅಡಿಕೆಯ ಹಾಳೆಯೂ ಅನ್ನದ ತಟ್ಟೆಯೂ

ಆಹಾರವನ್ನು ಕಟ್ಟುವ ಅಥವಾ ಬಡಿಸುವ ವಸ್ತುವನ್ನು ಎರಡು ವಿಧದಲ್ಲಿ ಪರೀಕ್ಷಿಸಬೇಕು. ಉಂಡ ಬಳಿಕ ಅದು ಮಣ್ಣಿಗೆ ಸೇರುವುದೇ ಎಂಬುದು ಮೊದಲನೆಯ ಪ್ರಶ್ನೆ. ಉಣ್ಣುವಾಗ ಅದರಿಂದ ಅನ್ನಕ್ಕೆ ಏನಾದರೂ ಸೇರುವುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ದೊರೆತೊಡನೆ ಎರಡನೆಯದನ್ನು ಮರೆಯುವುದು ಸಾಮಾನ್ಯ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗೃಹಿಣಿಯರಿಗೆ ಈ ವಿಷಯವು ಹೊಸದಲ್ಲ. ಊಟಕ್ಕೆ ಬಾಳೆಯೆಲೆ, ಕಡುಬಿಗೆ ಅರಿಸಿನದೆಲೆ, ಕಟ್ಟಲು ಬಾಳೆಯ ನಾರು ನಮ್ಮಲ್ಲಿ ಪರಂಪರೆಯಿಂದ ಬಂದವು. ಪ್ರಾಣಿಜನ್ಯ ವಸ್ತುಗಳೂ ಇವೆ: ಅರಗಿನ ಹುಳುವು ಸ್ರವಿಸುವ ಅರಗು, ಹಾಲಿನ ಕೇಸೀನ್, ಸಿಗಡಿಯ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಇವುಗಳಿಂದ ಹಣ್ಣುಹಂಪಲುಗಳ ಮೇಲೆ ತೆಳುವಾದ ರಕ್ಷಕ ಲೇಪವನ್ನು ಮಾಡಬಹುದು.

ಆದರೆ ನಮ್ಮ ತೋಟದ ಮುಖ್ಯ ವಸ್ತು ಅಡಿಕೆಯ ಹಾಳೆಯೇ. ಮಳೆಗಾಲದಲ್ಲಿ ಕೊಳೆರೋಗ ತಗುಲದಂತೆ ಅಡಿಕೆಗೊನೆಗೆ ಹಾಳೆಯ ಕೊಟ್ಟೆ ಕಟ್ಟುವ ರೂಢಿ ಇತ್ತು. ಮುಂದೆ ಆ ಸ್ಥಾನಕ್ಕೆ ಪ್ಲಾಸ್ಟಿಕ್ ಕೊಟ್ಟೆ ಬಂದಿತು. ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಅಂಟಿಲ್ಲದೆ ತಟ್ಟೆಯಾಗುವುದು. 2022ರ ಜುಲೈ 1ರಿಂದ ಭಾರತವು ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಂಥ ಒಮ್ಮೆ ಬಳಸಿ ಎಸೆಯುವ ವಸ್ತುಗಳನ್ನು ನಿಷೇಧಿಸಿದ ಮೇಲೆ ಈ ಕಸುಬಿಗೆ ಹೆಚ್ಚಿನ ಬೆಲೆ ಬಂದುದು ಸಹಜವೇ.

ಎರಡನೆಯ ಪ್ರಶ್ನೆಯನ್ನು ಎತ್ತಿದುದು ಪರದೇಶ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಮರದ ಅರಿಕೋಲಿನ್ ಮೊದಲಾದ ಸಹಜ ಪದಾರ್ಥಗಳು ಹಾಳೆತಟ್ಟೆಯಿಂದ ಆಹಾರಕ್ಕೆ ಇಳಿಯಬಲ್ಲವೆಂದು ಹೇಳಿ, ಅಂಥ ತಟ್ಟೆಗಳ ಆಮದನ್ನು ತಡೆಯಿತು. ಬೆಳೆಗಾರನಿಗೂ ತಟ್ಟೆ ಒತ್ತುವ ಹೆಂಗಸರಿಗೂ ಇದು ಕಹಿಯಾದ ವಾರ್ತೆ. ಆದರೂ ಕೋಪಿಸಿಕೊಳ್ಳುವುದರಿಂದ ಫಲವಿಲ್ಲ. ಎಷ್ಟು ಪ್ರಮಾಣ ಇಳಿಯುವುದು, ಬಿಸಿಯಾದ ಹುಳಿ ಸಾರಿಗೆ ಎಷ್ಟು, ಒಣ ತಿಂಡಿಗೆ ಎಷ್ಟು ಎಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದು ತೋರಿಸುವುದೇ ತಕ್ಕ ಉತ್ತರ. ಪರೀಕ್ಷೆಯು ಈ ಕಸುಬಿನ ಶತ್ರುವಲ್ಲ, ಅದರ ಸಾಕ್ಷಿ.

ಅಳತೆ ದೊರೆಯುವವರೆಗೆ ಮನೆಯಲ್ಲಿ ಮೂರು ನಿಯಮಗಳನ್ನು ಪಾಲಿಸಬಹುದೆಂದು ನಮ್ಮ ಅಭಿಪ್ರಾಯ. ಬೂಷ್ಟು ಹಿಡಿದ, ಕಪ್ಪು ಚುಕ್ಕೆ ಬಿದ್ದ ಹಾಳೆತಟ್ಟೆಯನ್ನು ಕೊಳ್ಳಬಾರದು. ಗೊನೆಗೆ ಸಿಂಪಡಿಸಿದ ಬೋರ್ಡೋ ಮಿಶ್ರಣವು ಕೆಳಗೆ ಬಿದ್ದ ಹಾಳೆಗೂ ತಾಗಿರಬಹುದಾದುದರಿಂದ ಚೆನ್ನಾಗಿ ತೊಳೆದ ತಟ್ಟೆಯನ್ನೇ ಕೇಳಬೇಕು. ಬಿಸಿ ಸಾರು, ಹುಳಿಗಳನ್ನು ಬಾಳೆಯೆಲೆಗೆ ಬಿಟ್ಟು, ಹಾಳೆಯಲ್ಲಿ ಒಣ ತಿಂಡಿಯನ್ನು ಇಡಬೇಕು. ಕಾಗದದ ಲೋಟ ಕಂಡಾಗಲೂ ಅದರ ಒಳಗೆ ಪ್ಲಾಸ್ಟಿಕ್ ಪದರವಿದೆಯೇ ಎಂದು ವಿಚಾರಿಸಬೇಕು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ‘ಸ್ವಾಭಾವಿಕ’ ಎಂಬ ಮಾತಿನಿಂದಲೇ ಯಾವ ವಸ್ತುವೂ ನಿರಪಾಯವಾಗದು. ‘ಅಪಾಯ’ ಎಂಬ ಮಾತಿನಿಂದಲೇ ನಮ್ಮ ತೋಟದ ವಸ್ತುವು ತ್ಯಾಜ್ಯವೂ ಆಗದು. ಎರಡು ಪ್ರಶ್ನೆಗಳನ್ನೂ ಕೇಳಿ, ಉತ್ತರ ಬರುವವರೆಗೆ ಎಚ್ಚರದಿಂದಿರುವುದೇ ವಿವೇಕ. ಇದನ್ನು ಮಕ್ಕಳಿಗೆ ಊಟದ ಎಲೆಯ ಮುಂದೆಯೇ ಕಲಿಸಬಹುದು.