ಬೇಲ್ ಆಯ್ತು, ಮನೆಗೆ ಯಾಕೆ ಬಂದಿಲ್ಲ?

'ಬೇಲ್ ಆಯ್ತು' ಎಂದು ವಕೀಲರು ಕೋರ್ಟಿನಿಂದ ಫೋನ್ ಮಾಡಿದ ದಿನ ಮನೆಯವರು ರಾತ್ರಿ ಊಟಕ್ಕೆ ಒಂದು ತಟ್ಟೆ ಹೆಚ್ಚು ಇಟ್ಟು ಕಾಯುತ್ತಾರೆ. ಯಾರೂ ಬರುವುದಿಲ್ಲ. ಮರುದಿನವೂ ಇಲ್ಲ. ಜಾಮೀನು ಮಂಜೂರಾಗುವುದು ಬೇರೆ, ಮುಚ್ಚಳಿಕೆ ಬರೆದುಕೊಟ್ಟು ಜೈಲಿನಿಂದ ಹೊರಬರುವುದು ಬೇರೆ. ಬಡವರು ಮುಗ್ಗರಿಸುವುದು ಇವೆರಡರ ನಡುವಿನ ಕಾಗದಪತ್ರದಲ್ಲಿ.

ಮೊದಲು ಠಾಣೆಯ ಮಾತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾದವು, ಹಕ್ಕುಗಳು ಬಹುಪಾಲು ಹಾಗೆಯೇ ಇವೆ. ಬಂಧನಕ್ಕೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಡ್ಡಾದಿಡ್ಡಿ ಬೈಕ್ ಓಡಿಸಿದಂಥ ಜಾಮೀನು ಸಿಗುವ ಅಪರಾಧವಾದರೆ 478ನೇ ಸೆಕ್ಷನ್ ಪ್ರಕಾರ ಜಾಮೀನು ನಿಮ್ಮ ಹಕ್ಕು, ಠಾಣೆಯಲ್ಲೇ ಕೊಡಬೇಕು. ಸಾಹೇಬರ ದೊಡ್ಡ ಮನಸ್ಸಿಗಾಗಿ ಕೈಮುಗಿದು ನಿಲ್ಲಬೇಕಿಲ್ಲ. ಉಳಿದ ಅಪರಾಧಗಳಿಗೆ ಜನ 'ನಾನ್ ಬೇಲಬಲ್' ಎನ್ನುತ್ತಾರೆ. ಅದರರ್ಥ ಜಾಮೀನೇ ಸಿಗದು ಎಂದಲ್ಲ, ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ ಎಂದಷ್ಟೇ.

ಇನ್ನು ಮುಚ್ಚಳಿಕೆ. 'ಕರೆದಾಗ ಕೋರ್ಟಿಗೆ ಬರುತ್ತೇನೆ, ಬರದಿದ್ದರೆ ಇಷ್ಟು ಹಣ ಕಟ್ಟುತ್ತೇನೆ' ಎಂಬ ಬರವಣಿಗೆ ಅದು. 50,000 ರೂಪಾಯಿಯ ಬಾಂಡ್ ಎಂದರೆ ಅಷ್ಟು ಹಣವನ್ನು ಅಂದೇ ಎಣಿಸಿ ಕೊಡಬೇಕು ಎಂದು ಹೆದರಿ ಒಡವೆ ಅಡವಿಟ್ಟವರಿದ್ದಾರೆ. ಹಾಗೇನಿಲ್ಲ. ಆರೋಪಿ ಒಬ್ಬನೇ ಬರೆದುಕೊಟ್ಟರೆ ಸ್ವಂತ ಮುಚ್ಚಳಿಕೆ. ಇನ್ನೊಬ್ಬರು ಅವನ ಪರವಾಗಿ ಹೊಣೆ ನಿಂತರೆ ಅವರೇ ಜಾಮೀನುದಾರರು, ಕೋರ್ಟಿನ ಅಂಗಳದ ಮಾತಿನಲ್ಲಿ 'ಶ್ಯೂರಿಟಿ'. ಜಾಮೀನುದಾರರು ಸಿಗದಿದ್ದರೆ, ಬಾಂಡಿನ ಬದಲು ಕೋರ್ಟು ಹೇಳಿದಷ್ಟು ನಗದನ್ನು ಠೇವಣಿ ಇಡಲು ಅನುಮತಿ ಕೇಳಬಹುದು.

ಶ್ಯೂರಿಟಿ ಹುಡುಕುವುದೇ ನಿಜವಾದ ಕಷ್ಟ. ಪಹಣಿ ಅಥವಾ ಮನೆ ಕಂದಾಯದ ರಸೀದಿ, ಆಧಾರ್, ಫೋಟೋ ಹಿಡಿದು ಒಬ್ಬರು ಕೆಲಸ ಬಿಟ್ಟು ಬರಬೇಕು. 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಹೊಣೆಯನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮೊತ್ತವನ್ನು 1,000ಕ್ಕೆ ಇಳಿಸಿ, ಸ್ವಂತ ಮುಚ್ಚಳಿಕೆ ಸಾಕು ಎಂದರು. ಬಸ್ತರಿನಲ್ಲೋ ಪೋರ್ಟ್‌ಬ್ಲೇರಿನಲ್ಲೋ ಸಿಕ್ಕಿಬಿದ್ದ ಕನ್ನಡಿಗ ಅಲ್ಲಿಯವರೇ ಆದ ಜಾಮೀನುದಾರರನ್ನು ಎಲ್ಲಿಂದ ತಂದಾನು ಎಂಬ ಪ್ರಶ್ನೆಯೂ ಆ ತೀರ್ಪಿನಲ್ಲಿದೆ. ಅರ್ಧ ಶತಮಾನವಾಗುತ್ತ ಬಂದರೂ 'ಲೋಕಲ್ ಶ್ಯೂರಿಟಿ ತನ್ನಿ' ಎಂಬ ಮಾತು ನಿಂತಿಲ್ಲ. ಜಾಮೀನು ಸಿಗುವ ಅಪರಾಧದಲ್ಲಿ ಬಂಧನವಾಗಿ ಒಂದು ವಾರವಾದರೂ ಜಾಮೀನು ಒದಗಿಸಲಾಗದಿದ್ದರೆ ಆ ವ್ಯಕ್ತಿಯನ್ನು ಬಡವನೆಂದೇ ಎಣಿಸಿ ಶ್ಯೂರಿಟಿ ಇಲ್ಲದೆ ಬಿಡಬೇಕು ಎಂದು 478ನೇ ಸೆಕ್ಷನ್ನೇ ಹೇಳುತ್ತದೆ. ಬೇರೆ ಅಪರಾಧಗಳಲ್ಲಿ ಆದೇಶವಾಗಿ ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ತಾನಾಗಿ ಮಾಡೀತು ಎಂದು ಸುಮ್ಮನೆ ಕೂರಬೇಡಿ, ಅರ್ಜಿ ಹಾಕಿಸಿ.

ಕೋರ್ಟಿನ ಆವರಣದಲ್ಲಿ ದುಡ್ಡಿಗೆ ಹೊಣೆ ನಿಲ್ಲುವವರು ಸಿಗುತ್ತಾರೆ. ಅವರ ಕಡೆ ಹೋಗಲೇಬೇಡಿ. ಈವರೆಗೆ ಎಷ್ಟು ಜನರಿಗೆ ಹೊಣೆ ನಿಂತಿದ್ದೇನೆಂದು ಪ್ರತಿ ಜಾಮೀನುದಾರರೂ ಕೋರ್ಟಿಗೆ ಬರೆದುಕೊಡಬೇಕು. ಸುಳ್ಳು ಪತ್ತೆಯಾದರೆ ನಿಮ್ಮವರ ಜಾಮೀನಿಗೂ ಸಂಚಕಾರ.

ನೀವೇ ಹೊಣೆ ನಿಲ್ಲುವವರಾದರೆ? ದಾಕ್ಷಿಣ್ಯಕ್ಕೆ ರುಜು ಹಾಕುವ ಮುನ್ನ ಯೋಚಿಸಿ. ಆರೋಪಿ ನಾಪತ್ತೆಯಾದರೆ ಬಾಂಡ್ ಮುಟ್ಟುಗೋಲಾಗಿ ನಿಮಗೆ ನೋಟಿಸ್ ಬರುತ್ತದೆ. ಹಣ ಕಟ್ಟದೆ, ವಸೂಲಿಯೂ ಆಗದೆ ಹೋದರೆ ಆರು ತಿಂಗಳವರೆಗೆ ಸಿವಿಲ್ ಜೈಲು ಇದೆ. ಅವನ ಮೇಲೆ ನಂಬಿಕೆ ಹೋಯಿತೇ? ಹೊಣೆ ಬಿಡಿಸಿಕೊಡಿ ಎಂದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡುವ ಅವಕಾಶ 489ನೇ ಸೆಕ್ಷನ್‌ನಲ್ಲಿದೆ.

ವಾರಂಟ್ ಹುಟ್ಟುವುದು ಹೆಚ್ಚಾಗಿ ಒಂದು ತಪ್ಪಿದ ವಾಯಿದೆಯಿಂದ. ಸಾಮಾನ್ಯವಾಗಿ ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಕೊನೆಗೆ ಜಾಮೀನು ರಹಿತ ವಾರಂಟ್ ಎಂಬ ಕ್ರಮವನ್ನು ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್ ಸೂಚಿಸಿದೆ. ಜಾಮೀನು ಸಹಿತ ವಾರಂಟಿನ ಮೇಲೇ ಬಾಂಡಿನ ಮೊತ್ತ, ಹಾಜರಾಗುವ ದಿನ ಬರೆದಿರುತ್ತದೆ, ಪೊಲೀಸರು ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. ವಾರಂಟ್ ತಂದವರನ್ನು 'ತೋರಿಸಿ' ಎಂದು ಕೇಳುವ ಹಕ್ಕು ನಿಮಗಿದೆ. ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು ಇದೆಯೇ ನೋಡಿ.

ವರ್ಷ ಕಳೆದರೆ ವಾರಂಟ್ ತಾನಾಗಿ ಸಾಯುತ್ತದೆ ಎಂಬ ನಂಬಿಕೆ ಹಲವರಿಗಿದೆ. ಕೋರ್ಟು ರದ್ದುಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಜೀವಂತ. ಜಾಮೀನಿನ ಮೇಲೆ ಹೊರಬಂದು ಸಕಾರಣವಿಲ್ಲದೆ ಗೈರಾದರೆ ಭಾರತೀಯ ನ್ಯಾಯ ಸಂಹಿತೆಯ 269ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಸಜೆ, ಅದೂ ಬೇರೆಯೇ ಅಪರಾಧವಾಗಿ. ಆಸ್ಪತ್ರೆಯಲ್ಲಿದ್ದಿರಿ, ಮನೆಯಲ್ಲಿ ಸಾವಾಗಿತ್ತು, ಕಾರಣ ಏನೇ ಇರಲಿ, ಪೊಲೀಸರು ಬಾಗಿಲು ತಟ್ಟುವ ಮೊದಲೇ ದಾಖಲೆ ಹಿಡಿದು ವಕೀಲರೊಂದಿಗೆ ಕೋರ್ಟಿಗೆ ಹೋಗಿ ವಾರಂಟ್ ರದ್ದು ಕೋರಿ.

ವಕೀಲರನ್ನಿಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ನಿಮ್ಮ ಊರಿನ ಕೋರ್ಟ್ ಆವರಣದಲ್ಲೇ ಇರುತ್ತದೆ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.