ಮೇಸ್ತ್ರಿಯ ಪುಸ್ತಕದಲ್ಲಿ ನಿನ್ನ ಹೆಸರು

ಮಕ್ತಲ್

ಚಿರಂಜೀವಿ ಮಗಳಿಗೆ,

ಮನೆಯ ಮಾತನ್ನು ಪತ್ರಿಕೆಗೆ ಬರೆಯುವುದು ಏನು ಚಂದ ಎಂದು ನಿಮ್ಮಪ್ಪ ಕೇಳಿಯೇ ಕೇಳುತ್ತಾನೆ. ಕೇಳಲಿ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕಡೆ ಎಷ್ಟು ಮನೆಗಳಲ್ಲಿ ಈಗ ಪರದೇಶದ ಸೂಟ್‌ಕೇಸು ತುಂಬುತ್ತಿದೆಯೋ ಆ ಮನೆಯವರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ವೀಸಾ ಬಂತು ಎಂದು ನೀನು ಫೋನ್ ಮಾಡಿದಾಗ ತೋರಿಸವ್ವ ಎಂದೆ. "ತೋರಿಸಾಕ ಏನದ ದೊಡ್ಡಪ್ಪ, ಪಾಸ್‌ಪೋರ್ಟಿನ್ಯಾಗ ಸ್ಟಿಕರ್ ಹಚ್ಚೋದು ಬಿಟ್ಟಾರ, ಎಲ್ಲಾ ಆನ್‌ಲೈನ್" ಎಂದೆ ನೀನು. ಹಾಗಾದರೆ ಆನ್‌ಲೈನಿನಲ್ಲೇ ತೋರಿಸು ಎಂದರೆ, "ಲಾಗಿನ್ ಕನ್ಸಲ್ಟೆನ್ಸಿಯವರ ಹತ್ರ ಅದ, ಅವರದೇ ಇಮೇಲ್ ಹಾಕ್ಯಾರ, ಅವರೇ ಎಲ್ಲಾ ನೋಡ್ಕೋತಾರ" ಎಂದು ನಕ್ಕೆ. ನನಗೆ ನಗು ಬರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಈ ಪತ್ರ.

ಸ್ಟಿಕರ್ ಇಲ್ಲದ್ದಕ್ಕೆ ನನ್ನ ತಕರಾರಿಲ್ಲ. ನೀನು ಹೊರಟಿರುವ ಬ್ರಿಟನ್ನಿನವರು ಬಿಆರ್‌ಪಿ ಎಂಬ ವಾಸದ ಪರವಾನಗಿಯ ಪ್ಲಾಸ್ಟಿಕ್ ಕಾರ್ಡುಗಳ ಆಯುಷ್ಯವನ್ನು 2024ರ ಡಿಸೆಂಬರ್ 31ಕ್ಕೆ ಮುಗಿಸಿದರು. 2025ರ ಜುಲೈ 15ರಿಂದ ಓದಲು ಹೋಗುವ ಬಹುತೇಕರಿಗೆ ಪಾಸ್‌ಪೋರ್ಟಿನೊಳಗಿನ ಸ್ಟಿಕರ್ ಕೂಡ ನಿಂತಿತು. ಆಸ್ಟ್ರೇಲಿಯಾದವರು 2015ರಲ್ಲೇ ಸ್ಟಿಕರ್ ಕೈಬಿಟ್ಟಿದ್ದರು. ಇನ್ನು ಮುಂದೆ ನೀನು ಬ್ರಿಟನ್ನಿನಲ್ಲಿ ಯಾರು, ಎಲ್ಲಿಯವರೆಗೆ ಇರಬಹುದು, ವಾರಕ್ಕೆ ಎಷ್ಟು ತಾಸು ದುಡಿಯಬಹುದು ಎಂಬುದೆಲ್ಲ ಅವರ ಕಂಪ್ಯೂಟರಿನಲ್ಲಿ ನಿನ್ನ ಹೆಸರಿನ ಖಾತೆಯಲ್ಲಿ ಇರುತ್ತದೆ. ಇದರಲ್ಲಿ ಅನುಕೂಲವೂ ಇದೆ. ಕಾಗದವೇ ದೇವರು ಎಂದು ಹೇಳಲು ನಾನು ಕೂತಿಲ್ಲ. ಹಾಗೆ ಹೇಳಲು ನನಗೆ ಬಾಯಿಯೂ ಇಲ್ಲ, ಯಾಕೆಂದರೆ ಕಾಗದದ ಬಣ್ಣಗೇಡು ನಾನು ನೋಡಿದಷ್ಟು ನಮ್ಮ ಮನೆತನದಲ್ಲಿ ಯಾರೂ ನೋಡಿಲ್ಲ.

ನನ್ನ ನೌಕರಿಯೆಲ್ಲ ರೆಕಾರ್ಡ್ ರೂಮಿನಲ್ಲಿ ಕಳೆಯಿತು. ಬಟ್ಟೆಯಲ್ಲಿ ಕಟ್ಟಿದ ಬಸ್ತಾಗಳು, ಅವುಗಳೊಳಗೆ 1954-55ರ ಖಾಸ್ರಾ ಪಹಣಿ, ಬಹುಪಾಲು ಉರ್ದುವಿನಲ್ಲಿ. ತೆಲಂಗಾಣದ ಹೊಲಗಳ ಜಗಳಕ್ಕೆಲ್ಲ ಇವತ್ತಿಗೂ ಬುನಾದಿ ಅದೇ. ಗೆದ್ದಲು ತಿಂದ ಹಾಳೆ ನೋಡಿದ್ದೇನೆ, ಒಂದೇ ಸರ್ವೆ ನಂಬರಿಗೆ ಎರಡು ಬಣ್ಣದ ಮಸಿಯಲ್ಲಿ ಇಬ್ಬರ ಹೆಸರು ನೋಡಿದ್ದೇನೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಕೃಷ್ಣೆ ಎರಡೂ ಮೈದುಂಬಿ ಬಂದಾಗ ಕರ್ನೂಲು ಊರೇ ನೀರಿನೊಳಗೆ ನಿಂತಿತ್ತು. ಅಲಂಪುರದ ಕಡೆಯ ಜನ ಮಕ್ಕಳ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಪಾಸ್‌ಬುಕ್ಕುಗಳನ್ನು ಹಗ್ಗಕ್ಕೆ ಹಾಕಿ ಒಣಗಿಸುತ್ತಿದ್ದರು. ಮಸಿ ಎಲ್ಲ ಕದಡಿ ಹೋಗಿತ್ತು. ಆ ಹೊತ್ತಿಗೆ ಆನ್‌ಲೈನ್ ದಾಖಲೆ ಇದ್ದಿದ್ದರೆ ಎಷ್ಟು ಜನರ ಓಡಾಟ ತಪ್ಪುತ್ತಿತ್ತು ಎಂದು ನನಗೂ ಅನಿಸಿದೆ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಲಿ. ನಿಮ್ಮಜ್ಜಿಯ ತವರು ಗದ್ವಾಲ. ಆಕೆ ಹುಟ್ಟಿದಾಗ ಗದ್ವಾಲ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ರಾಯಚೂರು ಮೈಸೂರಿಗೆ ಹೋಯಿತು, ಗದ್ವಾಲ, ಅಲಂಪುರ ಎರಡು ತಾಲೂಕು ಮಾತ್ರ ಆಂಧ್ರಪ್ರದೇಶಕ್ಕೆ ಬಂದು ಮಹಬೂಬ್‌ನಗರ ಜಿಲ್ಲೆ ಸೇರಿದವು. 2014ರ ಜೂನ್ 2ಕ್ಕೆ ತೆಲಂಗಾಣ. 2016ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆ. 2019ರ ಫೆಬ್ರುವರಿಯಲ್ಲಿ ನಮ್ಮ ಮಕ್ತಲ್ ಹೊಸ ನಾರಾಯಣಪೇಟೆ ಜಿಲ್ಲೆಗೆ ಸೇರಿತು. ಊರುಗಳು ಇದ್ದಲ್ಲೇ ಇದ್ದರೂ ಅವುಗಳ ವಿಳಾಸ ಇಷ್ಟು ಸಲ ಬದಲಾಗಿದೆ. ನಿನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರಿನ ಮುಂದೆ ಆಂಧ್ರಪ್ರದೇಶ ಎಂದಿದೆ, ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯದ ಕಾಗದದಲ್ಲಿ ತೆಲಂಗಾಣ. ಅಲ್ಲಿ ಕೌಂಟರಿನಲ್ಲಿ ಕೂತ ಹುಡುಗನಿಗೆ ಈ ಇತಿಹಾಸ ಯಾರು ಹೇಳಬೇಕು? ನೀನೇ. ಅದಕ್ಕೆ ಬೇಕಾದ ಕಾಗದ ನಿನ್ನ ಚೀಲದಲ್ಲಿ ಇರಬೇಕು.

ಈಗ ನಿಮ್ಮಜ್ಜನ ವಿಷಯ. ನೀನು ಅವನನ್ನು ಗೋಡೆಯ ಫೋಟೋದಲ್ಲಿ ಮಾತ್ರ ನೋಡಿದ್ದೀ.

ಪಾಲಮೂರು, ಅಂದರೆ ನಮ್ಮ ಮಹಬೂಬ್‌ನಗರದ, ಕೂಲಿ ಎಂದರೆ ಒಂದು ಕಾಲಕ್ಕೆ ದೇಶಕ್ಕೆಲ್ಲ ಗೊತ್ತು. ನಾಗಾರ್ಜುನಸಾಗರದಂಥ ಅಣೆಕಟ್ಟುಗಳಿಗೆ ಮಣ್ಣು ಹೊತ್ತವರಲ್ಲಿ ನಮ್ಮ ಜಿಲ್ಲೆಯವರು ಬಹಳ. ಮಳೆ ಕೈಕೊಟ್ಟ ವರ್ಷ ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಿದ್ದ. ಮುಂಗಡ ಹಿಡಿದವರೆಲ್ಲ ಗಂಟು ಮೂಟೆ ಕಟ್ಟಿ, ಮಕ್ಕಳನ್ನು ಎತ್ತಿಕೊಂಡು ಅವನ ಹಿಂದೆ ಹೋಗುವುದು. ಅಪ್ಪನೂ ಹೋದ, ದೂರದ ಒಂದು ಕಾಲುವೆ ಕೆಲಸಕ್ಕೆ. ನಾನು ಆಗ ಏಳೆಂಟರ ಹುಡುಗ, ತಟ್ಟಿನ ಗುಡಿಸಲಿನಲ್ಲಿ ತಮ್ಮಂದಿರನ್ನು ಕಾಯುವ ಕೆಲಸ ನನ್ನದು. ಮೇಸ್ತ್ರಿಯ ಹತ್ತಿರ ಉದ್ದನೆಯ ಒಂದು ಪುಸ್ತಕ ಇತ್ತು. ಯಾರು ಎಷ್ಟು ದಿನ ಬಂದರು, ಯಾರ ಮೇಲೆ ಎಷ್ಟು ಬಾಕಿ, ಎಲ್ಲ ಅದರಲ್ಲಿ. ರಾತ್ರಿ ಕಂದೀಲು ಹಚ್ಚಿ ಅವನು ಬರೆಯುತ್ತಿದ್ದ, ಸುತ್ತ ಕೂತವರು ಅವನ ಮುಖ ನೋಡುತ್ತಿದ್ದರು. ಅವರಲ್ಲಿ ಓದಬಲ್ಲವರು ಯಾರೂ ಇರಲಿಲ್ಲ. ಅವನು ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಅವ್ವನಿಗೆ ಜ್ವರ ಬಂದಾಗ ಡಾಕ್ಟರನ ಹತ್ತಿರ ಗಾಡಿ ಕಟ್ಟಿಸಿಕೊಂಡು ಕರೆದೊಯ್ದವನೂ ಅವನೇ.

ಒಂದು ಬೆಳಿಗ್ಗೆ ಮೇಸ್ತ್ರಿ ಇರಲಿಲ್ಲ. ಪುಸ್ತಕವೂ ಇರಲಿಲ್ಲ. ಕಂತ್ರಾಟುದಾರನ ಜೊತೆ ಏನೋ ಲೆಕ್ಕದ ಜಗಳವಂತೆ. ಅಪ್ಪ ಮತ್ತು ನಾಲ್ಕು ಜನ ಕೆಲಸದ ಕಚೇರಿಗೆ ಹೋಗಿ ನಮ್ಮ ಕೂಲಿ ಎಂದು ಕೇಳಿದರು. ಗುಮಾಸ್ತ ಹಾಜರಿ ತೆಗೆದು ನೋಡಿದ. ಅದರಲ್ಲಿ ಅಪ್ಪನ ಹೆಸರೇ ಇರಲಿಲ್ಲ. ಮೇಸ್ತ್ರಿಯ ಹೆಸರು, ಅದರ ಮುಂದೆ ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು. ಒಂದು ಹಂಗಾಮು ಪೂರ್ತಿ ಆ ಮಣ್ಣಿನಲ್ಲಿ ಬೆವರು ಸುರಿಸಿದ ಮನುಷ್ಯ ಅಲ್ಲಿ ಇದ್ದನೆಂಬುದಕ್ಕೆ ಒಂದು ಅಕ್ಷರವೂ ಇರಲಿಲ್ಲ. ಊರಿಗೆ ಹೆಂಗೆ ಮರಳಿ ಬಂದೆವು ಎಂಬುದನ್ನು ಅವ್ವ ಸಾಯುವ ತನಕ ಯಾರ ಮುಂದೂ ಹೇಳಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಬಂದ ವಾರವೇ ಅಪ್ಪ ನನ್ನನ್ನು ಕನ್ನಡ ಶಾಲೆಗೆ ಹಾಕಿದ. ಮಾಸ್ತರರಿಗೆ ಅವನು ಕೇಳಿದ್ದು ಒಂದೇ: ಇವನಿಗೆ ಲೆಕ್ಕದ ಪುಸ್ತಕ ಓದಲಿಕ್ಕೆ ಬರಬೇಕು. ನಾನು ದೇವಸೂಗೂರಿನ ಸೇತುವೆ ದಾಟಿ ರಾಯಚೂರಿಗೆ ಕಾಲೇಜಿಗೆ ಹೋದದ್ದು, ರೆಕಾರ್ಡ್ ರೂಮಿನ ನೌಕರಿ ಹಿಡಿದದ್ದು, ನಿಮ್ಮಪ್ಪನನ್ನು ಓದಿಸಿದ್ದು, ಎಲ್ಲದರ ಬುಡದಲ್ಲಿ ಆ ಪುಸ್ತಕ ಇದೆ.

ಅಂಥ ಮನೆಯ ಮೊಮ್ಮಗಳು ನೀನು, ಎಂಜಿನಿಯರಿಂಗ್ ಓದಿದವಳು, ನಿನ್ನ ಹೆಸರನ್ನು ಹೈದರಾಬಾದಿನ ಯಾವುದೋ ಮಾಳಿಗೆಯ ಮೇಲಿನ ಮೇಸ್ತ್ರಿಯ ಕೈಗೆ ಕೊಟ್ಟು ನಗುತ್ತೀಯಲ್ಲ! ಹೊಲದ ಮೇಲೆ ಸಾಲ ಎತ್ತಿದ್ದು ನಿಮ್ಮಪ್ಪ, ಪರೀಕ್ಷೆ ಬರೆದದ್ದು ನೀನು, ಇಮೇಲ್ ಮಾತ್ರ ಅವರದ್ದು. ನಾಚಿಕೆಯಾಗಬೇಕು.

ನಿನಗೆ ಯಾರೂ ತಿಳಿಸಿ ಹೇಳಿಲ್ಲದಿದ್ದರೆ ಕೇಳು. ಆ ಖಾತೆಯೊಳಗೆ ಹೋಗಬೇಕಾದರೆ ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಕು ಸಾಲದು. ಪ್ರತಿ ಸಲ ಇಮೇಲಿಗೋ ಫೋನಿಗೋ ಒಂದು ಕೋಡ್ ಬರುತ್ತದೆ. ಇಮೇಲ್ ಅವರದ್ದಾದರೆ ಬಾಗಿಲು ಅವರದ್ದು. ಬಾಡಿಗೆ ಮನೆ ಹಿಡಿಯಲು, ಅಂಗಡಿಯಲ್ಲಿ ಬಿಡುವಿನ ಕೆಲಸಕ್ಕೆ ಸೇರಲು ಶೇರ್ ಕೋಡ್ ಕೇಳುತ್ತಾರೆ. ಅದನ್ನು ಆ ಖಾತೆಯೊಳಗಿಂದಲೇ ತೆಗೆಯಬೇಕು. ಒಂದು ಕೋಡಿನ ಆಯುಷ್ಯ 90 ದಿನ, ಆಮೇಲೆ ಹೊಸದು. ಅಲ್ಲಿ ರಾತ್ರಿ ಮನೆಯ ಮಾಲೀಕ ಕೋಡ್ ಕೊಡು ಎಂದು ನಿಂತಾಗ ಇಲ್ಲಿ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಕನ್ಸಲ್ಟೆನ್ಸಿಯ ಶಟರ್ ಇಳಿದಿರುತ್ತದೆ. ಇದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಹಾಜರಿ ಕಡಿಮೆಯೆಂದೋ ಫೀ ಬಾಕಿಯೆಂದೋ ವಿಶ್ವವಿದ್ಯಾಲಯ ನಿನ್ನ ಹೊಣೆ ಬಿಟ್ಟರೆ ವೀಸಾ ಮೊಟಕಾಗುತ್ತದೆ, ಸಾಮಾನ್ಯವಾಗಿ 60 ದಿನದ ಗಡುವು. ಆ ನೋಟೀಸು ಖಾತೆಯಲ್ಲಿ ಯಾರ ಇಮೇಲ್ ಇದೆಯೋ ಅವರಿಗೆ ಹೋದರೆ, ನಿನ್ನ ಗಡುವು ನಿನಗೆ ಗೊತ್ತಿಲ್ಲದೆಯೇ ಸವೆಯುತ್ತಿರುತ್ತದೆ.

ಹೆದರಿಸುತ್ತಿದ್ದೇನೆ ಎನ್ನಬೇಡ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ವಿಶ್ವವಿದ್ಯಾಲಯ ಮುಚ್ಚಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಆಗಿನ ಆಂಧ್ರದ ಮಕ್ಕಳು, ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದರು. ಆಗಲೂ ಬುದ್ಧಿ ಬರಲಿಲ್ಲ. 2019ರ ಜನವರಿಯಲ್ಲಿ ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಹೆಸರಿನಲ್ಲಿ 129 ಭಾರತೀಯರು ಸಿಕ್ಕಿಬಿದ್ದರು. ಅದು ವಿಶ್ವವಿದ್ಯಾಲಯವೇ ಅಲ್ಲ, ಅಮೆರಿಕ ಸರ್ಕಾರವೇ ಹೂಡಿದ್ದ ಬಲೆ. ಎರಡು ತೆಲುಗು ರಾಜ್ಯಗಳ ಮನೆಗಳಲ್ಲಿ ಆ ವಾರ ಒಲೆ ಹೊತ್ತಿರಲಿಕ್ಕಿಲ್ಲ. ಅವರಲ್ಲಿ ಎಲ್ಲರೂ ಮುಗ್ಧರು ಎಂದು ನಾನು ವಾದಿಸುವುದಿಲ್ಲ. ಆದರೆ ಆಳು ಹಿಡಿದು ತಂದವರಿಗೆ ತಲೆಗೆ ಇಷ್ಟು ಎಂದು ಕಮಿಷನ್ ಸಿಕ್ಕಿತ್ತು, ವಿಮಾನ ಹತ್ತಿ ಮರಳಿದ್ದು ಮಕ್ಕಳು. ಇನ್ನು 2025ರ ಏಪ್ರಿಲಿನಲ್ಲಿ ಏನಾಯಿತು? ತಪ್ಪಿಲ್ಲದ ಕಾಲೇಜುಗಳಲ್ಲಿ ಓದುತ್ತಿದ್ದ ಸಾವಿರಾರು ಪರದೇಶಿ ವಿದ್ಯಾರ್ಥಿಗಳ ಹೆಸರು ಅಮೆರಿಕದ ಸೆವಿಸ್ ಎಂಬ ವಿದ್ಯಾರ್ಥಿ ದಾಖಲೆಯಲ್ಲಿ ಏಕಾಏಕಿ ರದ್ದಾಯಿತು, ಎಷ್ಟೋ ಮಂದಿಗೆ ಮುನ್ಸೂಚನೆಯೇ ಇರಲಿಲ್ಲ. ಕೋರ್ಟಿಗೆ ಹೋದರು, ತಿಂಗಳ ಕೊನೆಗೆ ಸರ್ಕಾರ ಹಿಂದೆ ಸರಿದು ದಾಖಲೆ ಮರಳಿ ಜೀವಂತ ಮಾಡಲು ಒಪ್ಪಿತು. ಕೋರ್ಟಿನ ಮುಂದೆ ನಿಲ್ಲಲು ಅವರ ಕೈಯಲ್ಲಿ ಕಾಲೇಜು ಕೊಟ್ಟ ಐ-20 ಪತ್ರ ಇತ್ತು, ಫೀ ರಸೀದಿ ಇತ್ತು.

ಬ್ರಿಟನ್ನಿನವರದ್ದೂ ಒಂದು ಕಥೆ ಇದೆ. ಎರಡನೆಯ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ದುಡಿಯಲು ಬಂದವರನ್ನು ವಿಂಡ್‌ರಶ್ ತಲೆಮಾರು ಎನ್ನುತ್ತಾರೆ. ಅವರು ಹಡಗಿನಿಂದ ಇಳಿದ ದಿನದ ಚೀಟಿಗಳನ್ನು ಅಲ್ಲಿನ ಗೃಹ ಇಲಾಖೆ 2010ರಲ್ಲಿ ನಾಶ ಮಾಡಿತು. ಆಮೇಲೆ ಅದೇ ಇಲಾಖೆ, ನೀವು ಯಾವಾಗ ಬಂದಿರಿ, ಪುರಾವೆ ತನ್ನಿ ಎಂದು ಆ ಮುದುಕರನ್ನೇ ಕೇಳಿತು. ಕೆಲಸ ಕಳೆದುಕೊಂಡರು, ಕೆಲವರನ್ನು ದೇಶದಿಂದಲೇ ಅಟ್ಟಿದರು. 2018ರಲ್ಲಿ ಸುದ್ದಿ ಸ್ಫೋಟವಾಗಿ ಸಚಿವೆ ರಾಜೀನಾಮೆ ಕೊಡಬೇಕಾಯಿತು. ಇಷ್ಟಕ್ಕೂ ಅಷ್ಟು ದೂರ ಹೋಗುವುದು ಯಾಕೆ? 2020ರ ಅಕ್ಟೋಬರಿನಲ್ಲಿ ನಮ್ಮ ತೆಲಂಗಾಣದ ಭೂದಾಖಲೆಗೆ ಧರಣಿ ಪೋರ್ಟಲ್ ಬಂದಾಗ ಕೈಯಲ್ಲಿ ಪಾಸ್‌ಬುಕ್ ಇದ್ದೂ ಪರದೆಯ ಮೇಲೆ ಹೆಸರಿಲ್ಲದ ರೈತರು, ನಿಷೇಧಿತ ಪಟ್ಟಿಗೆ ಬಿದ್ದ ಹೊಲಗಳು, ನೀನೇ ನೋಡಿದ್ದೀ. ಅದರ ಜಾಗಕ್ಕೆ 2025ರ ಏಪ್ರಿಲಿನಲ್ಲಿ ಭೂ ಭಾರತಿ ತಂದರು. ಆ ವರ್ಷಗಳಲ್ಲಿ ನಮ್ಮ ಕಟ್ಟೆಗೆ ಉರ್ದು ಪಹಣಿ ಓದಿಸಿಕೊಳ್ಳಲು ಬರುತ್ತಿದ್ದವರಿಗೆ ನೀನೇ ಚಹಾ ಕೊಟ್ಟಿದ್ದೀಯಲ್ಲ. ಹಳೆಯ ನಕಲು ಇಟ್ಟುಕೊಂಡವನ ಅರ್ಜಿ ಒಂದು ಹೆಜ್ಜೆಯಾದರೂ ಮುಂದೆ ಸರಿಯುತ್ತಿತ್ತು.

ಸಿಟ್ಟಿನಲ್ಲಿ ಬಹಳ ಬೈದೆ. ನಿಮ್ಮ ದೊಡ್ಡವ್ವ ಪತ್ರ ಓದಿ, ಹುಡುಗಿ ಹೋಗೋ ಹೊತ್ತಿಗೆ ಹಿಂಗ್ಯಾಕ ಬರೀತೀರಿ ಎಂದಳು. ಕನ್ಸಲ್ಟೆನ್ಸಿಯೇ ಬೇಡ ಎಂದು ನಾನು ಹೇಳುತ್ತಿಲ್ಲವ್ವ. ನಮ್ಮ ಮನೆಯಲ್ಲಿ ಮೊದಲು ಹೊರಗೆ ಹೋಗುವವಳು ನೀನು. ಯಾವ ಫಾರ್ಮು, ಎಷ್ಟು ದಿನ ಬ್ಯಾಂಕಿನಲ್ಲಿ ದುಡ್ಡು ಇಡಬೇಕು, ಟಿಬಿ ಪರೀಕ್ಷೆ ಎಲ್ಲಿ ಎಂದು ಹೇಳಿಕೊಡಲು ಯಾರಾದರೂ ಬೇಕಿತ್ತು, ಅವರು ಹೇಳಿದರು, ಅದಕ್ಕೆ ದುಡ್ಡು ಕೊಟ್ಟೆವು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಅವರೇ ಮುಂದೂ ನೋಡಿಕೊಳ್ಳಲಿ ಎನ್ನುವುದೂ ಒಂದು ದಾರಿ, ಎಷ್ಟೋ ಮಕ್ಕಳಿಗೆ ಅದರಿಂದ ಏನೂ ಆಗಿಲ್ಲ, ಒಪ್ಪುತ್ತೇನೆ. ಹಾಗಿದ್ದರೂ ನನ್ನ ಮನಸ್ಸು ಒಪ್ಪದು.

ಆದ್ದರಿಂದ ವಿಮಾನದ ಟಿಕೆಟ್ಟಿಗಿಂತ ಮೊದಲು ಖಾತೆಯ ಇಮೇಲ್, ಫೋನ್ ನಂಬರ್ ಎರಡನ್ನೂ ನಿನ್ನದಕ್ಕೆ ಬದಲಿಸು. ಅದಕ್ಕೆ ಆ ಖಾತೆಯಲ್ಲೇ ಅವಕಾಶವಿದೆ. ಇಲ್ಲಿಯ ಸಿಮ್ಮನ್ನು ಅಲ್ಲಿಯ ನಂಬರ್ ಸೇರಿಸುವ ತನಕ ಸಾಯಗೊಡಬೇಡ, ರೀಚಾರ್ಜ್ ನಾನು ಮಾಡಿಸುತ್ತೇನೆ. ಖಾತೆಯಲ್ಲಿರುವ ಹೆಸರು, ಹುಟ್ಟಿದ ತಾರೀಕು ಪಾಸ್‌ಪೋರ್ಟಿಗೆ, ವಿಶ್ವವಿದ್ಯಾಲಯ ಕೊಟ್ಟ ಕ್ಯಾಸ್ ಪತ್ರಕ್ಕೆ ಹೊಂದುತ್ತವೆಯೇ ನೋಡು. ನಮ್ಮ ಕಡೆ ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಒಂದೇ ಅಕ್ಷರ. ತಪ್ಪಿದ್ದರೆ ಇಲ್ಲಿ ಇರುವಾಗಲೇ ತಿದ್ದಲು ಬರೆ. ಮುಂದೆ ಪಾಸ್‌ಪೋರ್ಟ್ ಬದಲಾದರೆ ಹೊಸ ನಂಬರನ್ನು ಖಾತೆಗೆ ಸೇರಿಸದೆ ವಿಮಾನ ನಿಲ್ದಾಣಕ್ಕೆ ಹೋಗಬೇಡ. ವೀಸಾ ಮಂಜೂರಾದ ಪತ್ರ, ಕ್ಯಾಸ್, ಫೀ ರಸೀದಿ, ಖಾತೆಯ ಪುಟ, ಎಲ್ಲದರ ಪ್ರಿಂಟು ಎರಡು ಪ್ರತಿ ತೆಗೆ. ಖಾತೆಯ ಪುಟದ ಪ್ರಿಂಟನ್ನು ಅಲ್ಲಿ ಯಾರೂ ಪುರಾವೆ ಎಂದು ಒಪ್ಪುವುದಿಲ್ಲ, ಶೇರ್ ಕೋಡನ್ನೇ ಕೇಳುತ್ತಾರೆ ಎಂದು ನೀನು ವಾದ ಹಾಕುತ್ತೀ. ಗೊತ್ತು. ಪರದೆಯ ಮೇಲೆ ತಪ್ಪು ಕಂಡ ದಿನ, ನಿನ್ನೆ ಅಲ್ಲಿ ಏನಿತ್ತು ಎಂದು ತೋರಿಸಲು ಅದು ಬೇಕು. ಒಂದು ಪ್ರತಿ ನಿನ್ನ ಹತ್ತಿರ, ಇನ್ನೊಂದು ನನ್ನ ಟ್ರಂಕಿನಲ್ಲಿ.

ಕನ್ಸಲ್ಟೆನ್ಸಿಯವರು ಲಾಗಿನ್ ಕೊಡಲು ಹಿಂದೆಮುಂದೆ ನೋಡಿದರೆ ನಿಮ್ಮಪ್ಪನನ್ನು ಕಳಿಸಬೇಡ, ಅವನಿಗೆ ಸಂಕೋಚ. ನನಗೆ ಹೇಳು. ಸೋಮವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೈದರಾಬಾದಿಗೆ ಹೋಗಿ, ಅವರ ಮುಂದೆಯೇ ಕೂತು ಬದಲಿಸಿಕೊಂಡು ಬರೋಣ.

ಇತಿ,
ನಿನ್ನ ದೊಡ್ಡಪ್ಪ