ನೆರೂಳಿನ ಅಂಗಳಕ್ಕೆ ಬಂದ ನಾಡುಗಳು

2025ರ ನವೆಂಬರ್ 2ರಂದು ಮಹಿಳಾ ವಿಶ್ವಕಪ್ ಕ್ರಿಕೆಟ್ ಫೈನಲ್ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆದ ಮೇಲೆ ಆಟ ಮತ್ತು ವಿದೇಶಾಂಗ ನೀತಿಯ ನಂಟಿನ ಬಗ್ಗೆ ಠಾಣೆಯಿಂದ ಕಲ್ಯಾಣದವರೆಗಿನ ಕನ್ನಡಿಗ ಓದುಗರು ಬರೆದು ಕೇಳಿದ್ದಾರೆ. ಆಯ್ದ ಕೆಲವು ಪತ್ರಗಳಿಗೆ ಉತ್ತರ ಇಲ್ಲಿದೆ.

ಫೈನಲ್ ನೋಡಲು ಮಗನ ಜೊತೆ ಠಾಣೆಗೆ ಬಂದು ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದಿದ್ದೆ. ಘಣಸೋಲಿ ದಾಟುವಷ್ಟರಲ್ಲಿ ಡಬ್ಬಿಯ ತುಂಬ ನೀಲಿ ಜರ್ಸಿ. ಗೆದ್ದ ಖುಷಿ ಈಗಲೂ ಇದೆ. ಆದರೆ ಮರುದಿನದಿಂದ ಎಲ್ಲರೂ ‘ಜಗತ್ತಿನಲ್ಲಿ ಭಾರತದ ವರ್ಚಸ್ಸು ಏರಿತು’ ಎನ್ನುತ್ತಿದ್ದಾರೆ. ಟೂರ್ನಿಯೊಂದರಿಂದ ದೇಶದ ವಿದೇಶ ಸಂಬಂಧಕ್ಕೆ ನಿಜವಾಗಿ ಸಿಗುವುದೇನು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಡೊಂಬಿವಲಿ ಪೂರ್ವ

ಕಪ್ ಗೆದ್ದದ್ದು ನಮಗೆ ಸಂಭ್ರಮ. ಬೇರೆ ದೇಶಗಳ ವಿದೇಶಾಂಗ ಕಚೇರಿಗಳಲ್ಲಿ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಅವು ಗಮನಿಸುವುದು ಬೇರೆಯದನ್ನು. ಕರೆದವರನ್ನೆಲ್ಲ ಈ ದೇಶ ಒಳಗೆ ಬಿಟ್ಟುಕೊಂಡಿತೇ, ಬಂದವರನ್ನು ಒಂದೇ ನಿಯಮದಲ್ಲಿ ನಡೆಸಿಕೊಂಡಿತೇ, ಕೊಟ್ಟ ಮಾತಿಗೆ ನಿಂತಿತೇ ಎಂಬುದನ್ನು. ಆತಿಥೇಯ ದೇಶ ಸಂಪಾದಿಸುವ ನಿಜವಾದ ಗಳಿಕೆ ಈ ನಂಬಿಕೆಯೇ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ನೀವು ಹೋಗಿ ಕುಳಿತಿದ್ದ ಅದೇ ಕ್ರೀಡಾಂಗಣದ್ದು. ಆದರೆ ಅಂದು ಪ್ರೇಕ್ಷಕರ ಕುರ್ಚಿಗಳೆಲ್ಲ ಖಾಲಿ ಇದ್ದವು. 2022ರ ಜನವರಿ–ಫೆಬ್ರುವರಿಯಲ್ಲಿ ಮಹಿಳಾ ಏಷ್ಯನ್ ಕಪ್ ಫುಟ್‌ಬಾಲ್ ನವಿ ಮುಂಬಯಿ, ಮುಂಬಯಿ ಮತ್ತು ಪುಣೆಯಲ್ಲಿ ನಡೆಯಿತು. ಕೋವಿಡ್ ಕಾರಣ ಜನರಿಗೆ ಪ್ರವೇಶವಿರಲಿಲ್ಲ. ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾಗಿ ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ಭಾರತ–ಚೀನಾ ನಡುವೆ ನೇರ ವಿಮಾನ ಸಂಚಾರವೂ ನಿಂತುಹೋಗಿತ್ತು. ಅಂಥ ಹೊತ್ತಿನಲ್ಲಿ ಚೀನಾದ ಹೆಣ್ಣುಮಕ್ಕಳ ತಂಡ ನಮ್ಮಲ್ಲಿಗೆ ಬಂದು ಆಡುತ್ತಿತ್ತು.

ಟೂರ್ನಿಯ ಕೊನೆಯ ವಾರದಲ್ಲೇ ಬೀಜಿಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಆರಂಭವಾಗಬೇಕಿತ್ತು. ಗಾಲ್ವಾನ್ ಘರ್ಷಣೆಯಲ್ಲಿದ್ದ ಸೇನಾಧಿಕಾರಿಯೊಬ್ಬನ ಕೈಗೆ ಚೀನಾ ಕ್ರೀಡಾಜ್ಯೋತಿ ಕೊಟ್ಟಿತು. ಫೆಬ್ರುವರಿ 3ರಂದು ಭಾರತ ಸರ್ಕಾರ ತನ್ನ ನಿಲುವನ್ನು ಪ್ರಕಟಿಸಿತು: ಉದ್ಘಾಟನೆಗಾಗಲಿ ಸಮಾರೋಪಕ್ಕಾಗಲಿ ನಮ್ಮ ರಾಯಭಾರ ಕಚೇರಿಯ ಮುಖ್ಯಸ್ಥರು ಹೋಗುವುದಿಲ್ಲ. ದೂರದರ್ಶನವೂ ಆ ಸಮಾರಂಭಗಳನ್ನು ಪ್ರಸಾರ ಮಾಡಲಿಲ್ಲ. ಪ್ರತಿಭಟನೆ ಖಡಕ್ಕಾಗಿಯೇ ಇತ್ತು, ಇರಲೂಬೇಕಿತ್ತು. ಆದರೂ ಕಾಶ್ಮೀರದ ಸ್ಕೀ ಪಟು ಆರಿಫ್ ಖಾನ್ ಬೀಜಿಂಗ್‌ಗೆ ಹೋಗಿ ಸ್ಪರ್ಧಿಸಿದರು. ಅದೇ ಫೆಬ್ರುವರಿ 3ರಂದು ಚೀನಾ ಪುಣೆಯಲ್ಲಿ ಜಪಾನನ್ನು ಪೆನಾಲ್ಟಿಯಲ್ಲಿ ಮಣಿಸಿ ಫೈನಲ್‌ಗೆ ಬಂತು. 6ರಂದು ನೆರೂಳಿನಲ್ಲಿ ದಕ್ಷಿಣ ಕೊರಿಯಾದ ಎದುರು ಮಧ್ಯಂತರಕ್ಕೆ 0–2 ಹಿಂದಿದ್ದರೂ ಹೆಚ್ಚುವರಿ ನಿಮಿಷಗಳ ಗೋಲಿನಿಂದ 3–2ರಲ್ಲಿ ಕಪ್ ಎತ್ತಿತು. ಆ ತಂಡಕ್ಕೆ ಇಲ್ಲಿ ಸಿಗಬೇಕಾದ ಯಾವುದಕ್ಕೂ ನಾವು ಕೊಕ್ಕೆ ಹಾಕಲಿಲ್ಲ.

ಚೀನಾ ಸರ್ಕಾರದ ವರ್ತನೆಗೆ ಸರ್ಕಾರದ ಮಟ್ಟದಲ್ಲೇ ಉತ್ತರ ಕೊಟ್ಟೆವು, ಆಟಗಾರ್ತಿಯರ ತಂಟೆಗೆ ಹೋಗಲಿಲ್ಲ. ಇದರಿಂದ ಗಡಿ ವಿವಾದ ಒಂದಿಂಚೂ ಕರಗಲಿಲ್ಲ ಎಂಬುದು ನಿಜ. ಆದರೆ ಭಾರತ ಸಿಟ್ಟಿನಲ್ಲಿದ್ದಾಗಲೂ ಆತಿಥೇಯನ ಕರ್ತವ್ಯ ಬಿಡುವುದಿಲ್ಲ ಎಂಬುದು ಏಷ್ಯಾದ ಎಲ್ಲ ಫುಟ್‌ಬಾಲ್ ಸಂಸ್ಥೆಗಳಿಗೂ ಗೊತ್ತಾಯಿತು. ಮುಂದೆ ಕಾಮನ್‌ವೆಲ್ತ್ ಕ್ರೀಡಾಕೂಟ, ಒಲಿಂಪಿಕ್ಸ್ ಎಂದು ಕೇಳಿಕೊಂಡು ಹೋಗುವ ದೇಶಕ್ಕೆ ಇದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ಬೇಕಿಲ್ಲ.

ಅದೇ ಏಷ್ಯನ್ ಕಪ್‌ನಲ್ಲಿ ಭಾರತದ ಗುಂಪಿನಲ್ಲಿದ್ದ ತಂಡದ ಹೆಸರು ‘ಚೈನೀಸ್ ತೈಪೆ’ ಎಂದಿತ್ತು. ಅದು ತೈವಾನ್ ತಾನೆ? ತನ್ನ ಹೆಸರಲ್ಲೇ ಏಕೆ ಆಡುವುದಿಲ್ಲ?
— ಕಾಲೇಜು ವಿದ್ಯಾರ್ಥಿನಿ, ಐರೋಲಿ

ಹೌದು, ತೈವಾನ್. ಅದು ತನ್ನ ಭಾಗವೆಂದು ಚೀನಾದ ವಾದ. ಇಬ್ಬರೂ ಒಂದೇ ಕೂಟದಲ್ಲಿ ಆಡುವಂತಾಗಲು 1979ರಲ್ಲಿ ಒಲಿಂಪಿಕ್ ಸಮಿತಿ ಒಂದು ದಾರಿ ಹುಡುಕಿತು, 1981ರಲ್ಲಿ ಲೌಸಾನ್‌ನಲ್ಲಿ ಅದಕ್ಕೆ ಸಹಿ ಬಿತ್ತು. ತೈವಾನ್ ಆಡಬಹುದು, ಆದರೆ ‘ಚೈನೀಸ್ ತೈಪೆ’ ಎಂಬ ಹೆಸರಿನಲ್ಲಿ, ರಾಷ್ಟ್ರಧ್ವಜ ಮತ್ತು ರಾಷ್ಟ್ರಗೀತೆಯ ಬದಲು ಬೇರೊಂದು ಧ್ವಜ, ಬೇರೊಂದು ಗೀತೆಯೊಂದಿಗೆ. ತೈವಾನಿನ ಎಷ್ಟೋ ಜನರಿಗೆ ಇದು ಅವಮಾನವೆನಿಸುತ್ತದೆ, ಆ ನೋವು ಅರ್ಥವಾಗುವಂಥದ್ದೇ. ಆದರೂ ನಾಲ್ಕು ದಶಕದಿಂದ ಅವರ ಮಕ್ಕಳು ಅಂತರರಾಷ್ಟ್ರೀಯ ಮೈದಾನದಿಂದ ಹೊರಗೆ ಉಳಿದಿಲ್ಲ. 2022ರಲ್ಲಿ ಚೀನಾ, ಚೈನೀಸ್ ತೈಪೆ, ಇರಾನ್, ಭಾರತ ನಾಲ್ಕೂ ಒಂದೇ ಗುಂಪಿನಲ್ಲಿದ್ದವು. ಮಹಿಳಾ ಏಷ್ಯನ್ ಕಪ್‌ಗೆ ಇರಾನ್ ಬಂದದ್ದು ಅದೇ ಮೊದಲು. ನೆರೂಳಿನಲ್ಲಿ ಅವರು ಭಾರತವನ್ನು 0–0ಯಲ್ಲಿ ಹಿಡಿದು ನಿಲ್ಲಿಸಿದರು. ನಮ್ಮ ಹುಡುಗಿಯರ ದುರದೃಷ್ಟ, ಕೋವಿಡ್ ತಂಡದೊಳಗೇ ಹರಡಿ ಚೈನೀಸ್ ತೈಪೆ ಎದುರಿನ ಪಂದ್ಯ ನಡೆಯಲೇ ಇಲ್ಲ, ಭಾರತ ಟೂರ್ನಿಯಿಂದಲೇ ಹೊರಬಿತ್ತು.

ಇಂಥ ಕೂಟ ನಡೆಸುವವರಿಗೆ ಫಲಕದ ಮೇಲಿನ ಒಂದು ಅಕ್ಷರ, ಧ್ವಜಸ್ತಂಭದ ಒಂದು ಬಟ್ಟೆ ಕೂಡ ಸಣ್ಣ ವಿಷಯವಲ್ಲ. ಧ್ವನಿವರ್ಧಕದಲ್ಲಿ ತಪ್ಪು ಗೀತೆ ಮೊಳಗಿದರೆ ಮರುದಿನ ರಾಯಭಾರ ಕಚೇರಿಯಿಂದ ಪತ್ರ ಬರುತ್ತದೆ.

ನಮ್ಮ ಹೋಟೆಲು ಕ್ರೀಡಾಂಗಣದ ಹತ್ತಿರವೇ ಇದೆ. ಅಕ್ಟೋಬರ್ 20ರಂದು ಶ್ರೀಲಂಕಾ–ಬಾಂಗ್ಲಾದೇಶ ಪಂದ್ಯಕ್ಕೆ ಬಂದಿದ್ದ ಕೊಲಂಬೊದ ಒಂದು ಕುಟುಂಬ ನೀರುದೋಸೆ ತಿಂದು, ‘ನಮ್ಮಲ್ಲೂ ಹೀಗೇ ಅಕ್ಕಿಹಿಟ್ಟಿನ ತಿಂಡಿ ಇದೆ’ ಎಂದು ಅಡುಗೆಮನೆಗೇ ಬಂದು ನಮ್ಮ ಭಟ್ಟರ ಹತ್ತಿರ ಮಾತಾಡಿತು. ಪಾಕಿಸ್ತಾನದ ಪಂದ್ಯಗಳು ಮಾತ್ರ ಭಾರತದಲ್ಲಿ ನಡೆಯಲಿಲ್ಲ. ಇದು ಸರಿಯೇ?
— ಉಡುಪಿ ಮೂಲದ ಹೋಟೆಲು ಮಾಲೀಕರು, ನೆರೂಳ್

ಆ ಪಂದ್ಯ ನನಗೂ ನೆನಪಿದೆ. ಕೊನೆಯ ಓವರಿನಲ್ಲಿ ಚಮರಿ ಅಟ್ಟಪಟ್ಟು ಬೌಲಿಂಗ್‌ನಲ್ಲಿ ಸತತ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್ ಬಿದ್ದು ಬಾಂಗ್ಲಾದೇಶ 7 ರನ್‌ಗಳಿಂದ ಸೋತಿತು. ಪದಚ್ಯುತ ಪ್ರಧಾನಿ ಶೇಖ್ ಹಸೀನಾ 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದಾಗಿನಿಂದ ಢಾಕಾ–ದೆಹಲಿ ಸಂಬಂಧ ಹದಗೆಟ್ಟಿದ್ದರೂ ಬಾಂಗ್ಲಾದೇಶದ ಹುಡುಗಿಯರು ನಿಮ್ಮೂರಿಗೆ ಬಂದು ಆಡಿ ಹೋದರು. ಇದು ಒಳ್ಳೆಯದಾಯಿತು.

ಪಾಕಿಸ್ತಾನದ ವಿಷಯಕ್ಕೆ ಬರೋಣ. 2024ರ ಡಿಸೆಂಬರ್‌ನಲ್ಲಿ ಐಸಿಸಿ ಒಂದು ಒಪ್ಪಂದ ಪ್ರಕಟಿಸಿತು. 2027ರವರೆಗೆ ಭಾರತವೋ ಪಾಕಿಸ್ತಾನವೋ ನಡೆಸುವ ಐಸಿಸಿ ಟೂರ್ನಿಗಳಲ್ಲಿ ಇನ್ನೊಂದು ದೇಶದ ತಂಡದ ಪಂದ್ಯಗಳು ಮೂರನೆಯ ದೇಶದಲ್ಲಿ. ಅದರಂತೆ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ದುಬೈನಲ್ಲಿ ಆಡಿತು, ಮಹಿಳಾ ವಿಶ್ವಕಪ್‌ನಲ್ಲಿ ಪಾಕಿಸ್ತಾನ ಕೊಲಂಬೊದಲ್ಲಿ ಆಡಿತು. ಪಾಕಿಸ್ತಾನ ಫೈನಲ್‌ಗೆ ಬಂದಿದ್ದರೆ ನೆರೂಳಿನ ಫೈನಲ್ಲೇ ಕೊಲಂಬೊಗೆ ಹೋಗುತ್ತಿತ್ತು. ಇಬ್ಬರಿಗೂ ಒಂದೇ ನಿಯಮವಾದ್ದರಿಂದ ಇದನ್ನು ಅನ್ಯಾಯ ಎನ್ನಲಾರೆ. ಪಹಲ್ಗಾಮ್ ಹತ್ಯಾಕಾಂಡ ನಡೆದ ವರ್ಷದಲ್ಲಿ ಬೇರೆ ದಾರಿ ಇರಲೂ ಇಲ್ಲ. 2025ರ ಆಗಸ್ಟ್‌ನಲ್ಲಿ ಕ್ರೀಡಾ ಸಚಿವಾಲಯವೂ ನಿಲುವು ಸ್ಪಷ್ಟಪಡಿಸಿತು: ಪಾಕಿಸ್ತಾನದೊಂದಿಗೆ ದ್ವಿಪಕ್ಷೀಯ ಸರಣಿ ಇಲ್ಲ, ಬಹುರಾಷ್ಟ್ರ ಕೂಟಗಳಲ್ಲಿ ಆಡಲು ಅಡ್ಡಿಯಿಲ್ಲ.

ಈ ಗೆರೆ ಎಳೆಯುವುದಕ್ಕೆ ಮೊದಲು ನಾವು ಒಂದು ಪಾಠ ಕಲಿತಿದ್ದೆವು. ಪುಲ್ವಾಮಾ ದಾಳಿಯ ಬೆನ್ನಿಗೆ, 2019ರ ಫೆಬ್ರುವರಿಯಲ್ಲಿ, ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಶೂಟರ್‌ಗಳಿಗೆ ವೀಸಾ ಸಿಗಲಿಲ್ಲ. ಭಾರತದಲ್ಲಿ ಮುಂದೆ ಕೂಟ ನಡೆಸುವ ಮಾತುಕತೆಯನ್ನೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಿಲ್ಲಿಸಿಬಿಟ್ಟಿತು. ಎಲ್ಲ ದೇಶದವರಿಗೂ ಪ್ರವೇಶ ಕೊಡುತ್ತೇವೆಂದು ಸರ್ಕಾರ ಅದೇ ಜೂನ್‌ನಲ್ಲಿ ಲಿಖಿತ ಭರವಸೆ ಕೊಟ್ಟ ಮೇಲೆಯೇ ಬಾಗಿಲು ತೆರೆಯಿತು.

ಅಕ್ಟೋಬರ್ 5ರಂದು ಕೊಲಂಬೊದಲ್ಲಿ ಎರಡೂ ತಂಡಗಳು ಕೈಕುಲುಕದೆ ಬಂದದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಆಡುವುದು ಬೇಡ ಎಂದು ಸರ್ಕಾರ ನಿರ್ಧರಿಸಿದ್ದರೆ ಅದಕ್ಕೆ ತಲೆಬಾಗಬಹುದಿತ್ತು. ಆಡಿ ಎಂದು ಕಳಿಸಿ, ದೇಶದ ಸಿಟ್ಟನ್ನು ತೋರಿಸುವ ಭಾರವನ್ನು ಇಪ್ಪತ್ತರ ಹರೆಯದ ಹುಡುಗಿಯರ ಹೆಗಲಿಗೆ ಹಾಕಬಾರದು. 1999ರ ಜನವರಿಯಲ್ಲಿ ಚೆನ್ನೈ ಟೆಸ್ಟನ್ನು 12 ರನ್‌ಗಳಿಂದ ಗೆದ್ದ ಪಾಕಿಸ್ತಾನ ತಂಡಕ್ಕೆ ಇಡೀ ಚೆಪಾಕ್ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಮೂರು ತಿಂಗಳಿಗೆ ಕಾರ್ಗಿಲ್ ಬಂತು, ಆ ಚಪ್ಪಾಳೆ ಅದನ್ನು ತಡೆಯಲಿಲ್ಲ. ಆದರೂ ಅಂದು ಎದ್ದು ನಿಂತವರು ತಪ್ಪು ಮಾಡಿದರೆಂದು ನಾನು ಎಂದಿಗೂ ಹೇಳಲಾರೆ.

ಈ ವಿಶ್ವಕಪ್‌ನ ಪಂದ್ಯಗಳು ಮೊದಲು ನಮ್ಮ ಬೆಂಗಳೂರಿಗೆ ಸಿಕ್ಕಿದ್ದವು. ಅವು ತಪ್ಪಿ ಇಲ್ಲಿಗೆ ಬಂದದ್ದಕ್ಕೆ ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯುತ್ತಿಲ್ಲ.
— ಗೃಹಿಣಿ, ಕಲ್ಯಾಣ್ ಪಶ್ಚಿಮ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹುಪಾಲು ಎಳೆಯರು. ಅದರ ಬಳಿಕ ಬೆಂಗಳೂರಿಗೆ ಪಂದ್ಯ ಕೈತಪ್ಪಿದ್ದು ಆ ಸಾವುಗಳ ಮುಂದೆ ಸಣ್ಣ ಮಾತು. ಆದರೆ ಬೆಂಗಳೂರಿಗೂ ದೇಶದೇಶಗಳನ್ನು ಹತ್ತಿರ ತಂದ ಹಿರಿಮೆ ಇದೆ. 2018ರ ಜೂನ್‌ನಲ್ಲಿ ಅಫ್ಘಾನಿಸ್ತಾನ ತನ್ನ ಮೊದಲ ಟೆಸ್ಟ್ ಆಡಿದ್ದು ಅಲ್ಲಿಯೇ. ಎರಡೇ ದಿನದಲ್ಲಿ ಸೋತರು. ಪಂದ್ಯ ಮುಗಿದ ಮೇಲೆ ಭಾರತದ ನಾಯಕ ಅಜಿಂಕ್ಯ ರಹಾನೆ ಅಫ್ಘನ್ ಆಟಗಾರರನ್ನೂ ಕರೆದು ಟ್ರೋಫಿಯ ಜೊತೆ ಒಟ್ಟಿಗೆ ಫೋಟೊ ತೆಗೆಸಿಕೊಂಡರು. ಜನರ ಜೀವ ಕಾಯುವ ವ್ಯವಸ್ಥೆ ಸರಿಯಾಗಲಿ, ಚಿನ್ನಸ್ವಾಮಿಗೆ ಅಂಥ ದಿನ ಮತ್ತೆ ಬರಲಿ ಎಂಬುದು ನನ್ನ ಆಸೆ.

ಆಡುವುದರಿಂದ ಸಂಬಂಧ ಬೆಳೆಯುತ್ತದೆ ಎನ್ನುತ್ತೀರಿ. ಆಡದೆ ಉಳಿದು ಭಾರತ ಏನನ್ನಾದರೂ ಸಾಧಿಸಿದ್ದುಂಟೇ?
— ಶಾಲಾ ಶಿಕ್ಷಕರು, ಠಾಣೆ

ಉಂಟು, ಅದನ್ನು ನಿಮ್ಮ ಮಕ್ಕಳಿಗೆ ತಪ್ಪದೆ ಹೇಳಿ. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಇದ್ದ ನಮ್ಮ ತಂಡ ಆಸ್ಟ್ರೇಲಿಯಾವನ್ನೂ ಸೋವಿಯತ್ ಒಕ್ಕೂಟವನ್ನೂ ಸೋಲಿಸಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿ ಆಗ ವರ್ಣಭೇದ ನೀತಿ. 1946ರಲ್ಲೇ ಆ ದೇಶದೊಂದಿಗೆ ವ್ಯಾಪಾರ ನಿಲ್ಲಿಸಿದ್ದ ಭಾರತ ಟೆನಿಸ್‌ಗೂ ಇಲ್ಲವೆಂದಿತು. ಕಪ್ ಅವರ ಪಾಲಾಯಿತು. ಡೇವಿಸ್ ಕಪ್ ಇತಿಹಾಸದಲ್ಲಿ ಫೈನಲ್ ಆಡದೆಯೇ ವಿಜೇತರು ತೀರ್ಮಾನವಾದದ್ದು ಅದೊಂದೇ ಸಲ. ಅಮೃತರಾಜ್ ಸೋದರರಿಗೆ ಅಂಥ ಅವಕಾಶ ಕೈಬಿಟ್ಟಾಗ ಎಷ್ಟು ಸಂಕಟವಾಗಿರಬೇಡ!

ಆದರೆ ಆ ತ್ಯಾಗಕ್ಕೆ ಫಲವಿತ್ತು. ಜಗತ್ತಿನ ಬಹಿಷ್ಕಾರದ ಒತ್ತಡಕ್ಕೆ ವರ್ಣಭೇದ ಸಡಿಲವಾಗತೊಡಗಿದಾಗ ದಕ್ಷಿಣ ಆಫ್ರಿಕಾದ ಕ್ರಿಕೆಟ್ ತಂಡ ತನ್ನ ಮರುಪ್ರವೇಶದ ಮೊದಲ ಪಂದ್ಯವನ್ನು 1991ರ ನವೆಂಬರ್ 10ರಂದು ಆಡಿದ್ದು ನಮ್ಮ ಕೋಲ್ಕತ್ತದಲ್ಲಿ, ಕ್ಲೈವ್ ರೈಸ್ ನಾಯಕತ್ವದಲ್ಲಿ. ಎರಡೂ ದೇಶಗಳ ಪೂರ್ಣ ರಾಜತಾಂತ್ರಿಕ ಸಂಬಂಧ ಮತ್ತೆ ಶುರುವಾಗಲು 1993 ಬರಬೇಕಾಯಿತು. ಬಾಗಿಲು ಮುಚ್ಚಿದ್ದವರೇ ಮೊದಲು ತೆರೆದದ್ದರಿಂದ ಆ ಸ್ವಾಗತಕ್ಕೆ ತೂಕವಿತ್ತು. ಯಾಕೆ ಆಡುವುದಿಲ್ಲ, ಏನಾದರೆ ಆಡುತ್ತೇವೆ ಎರಡನ್ನೂ ಭಾರತ ದಶಕಗಳ ಕಾಲ ಒಂದೇ ಮಾತಿನಲ್ಲಿ ಹೇಳುತ್ತಾ ಬಂದಿತ್ತು. ಬಹಿಷ್ಕಾರ ಫಲ ಕೊಡುವುದು ಹೀಗಿದ್ದಾಗ. ಇವತ್ತು ಆಡೆವು, ನಾಳೆ ಟಿಕೆಟ್ ಮಾರಾಟ ನೋಡಿ ಆಡೇವು ಎಂದರೆ ಯಾರೂ ಲೆಕ್ಕಕ್ಕಿಡುವುದಿಲ್ಲ.

ನವೆಂಬರ್ 2ರ ಫೈನಲ್ ನಡೆದದ್ದೂ ಇದೇ ದಕ್ಷಿಣ ಆಫ್ರಿಕಾದೊಂದಿಗೆ. ಶಫಾಲಿ ವರ್ಮಾ 87, ದೀಪ್ತಿ ಶರ್ಮಾ 58 ರನ್ ಮತ್ತು ಐದು ವಿಕೆಟ್, ನಮಗೆ 52 ರನ್‌ಗಳ ಜಯ. ಶತಕ ಹೊಡೆದೂ ಸೋತ ಲಾರಾ ವೊಲ್ವಾರ್ಟ್ ಹುಟ್ಟಿದ್ದು ವರ್ಣಭೇದ ಮುಗಿದ ಮೇಲೆ. ತರಗತಿಯಲ್ಲಿ 1974ರಿಂದ ಆರಂಭಿಸಿ ಈ ಫೈನಲ್‌ಗೆ ಬನ್ನಿ, ಮಕ್ಕಳಿಗೆ ಇತಿಹಾಸ ಸುಲಭವಾಗಿ ತಲೆಗೆ ಹೋಗುತ್ತದೆ.

ಮಗಳು ಬಿ.ಎ. ಓದುತ್ತಿದ್ದಾಳೆ. ಇಂಥ ಟೂರ್ನಿಗಳಲ್ಲಿ ಕೆಲಸ ಮಾಡುವ ಆಸೆ ಅವಳಿಗೆ. ಏನು ಕಲಿಯಬೇಕು?
— ತಾಯಿ, ವಾಶಿ

ಒಂದು ವಿದೇಶಿ ಭಾಷೆಯನ್ನು ಚೆನ್ನಾಗಿ ಕಲಿಯಲಿ. ಪ್ರತಿ ತಂಡದ ಜೊತೆಗೂ ಆತಿಥೇಯರ ಕಡೆಯಿಂದ ಒಬ್ಬ ಸಂಪರ್ಕಾಧಿಕಾರಿ ಇರುತ್ತಾರೆ. ಹೋಟೆಲಿನ ಊಟ, ಅಭ್ಯಾಸದ ವೇಳೆ, ಆಸ್ಪತ್ರೆ, ಪೊಲೀಸು ಎಲ್ಲಕ್ಕೂ ತಂಡ ಮೊದಲು ನೋಡುವುದು ಅವರ ಮುಖವನ್ನೇ. 2022ರ ಅಕ್ಟೋಬರ್ 30ರಂದು ನೆರೂಳಿನಲ್ಲಿ ನಡೆದ 17 ವರ್ಷದೊಳಗಿನ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ಕೊಲಂಬಿಯಾವನ್ನು 1–0ಯಲ್ಲಿ ಸೋಲಿಸಿತು. ಎರಡೂ ತಂಡಗಳ ಭಾಷೆ ಸ್ಪ್ಯಾನಿಷ್. ಆ ಭಾಷೆ ಬಲ್ಲ ಇಲ್ಲಿನ ಹುಡುಗಿಯೊಬ್ಬಳಿಗೆ ಅಂದು ಎಷ್ಟು ಬೇಡಿಕೆ ಇದ್ದಿರಬಹುದು, ಯೋಚಿಸಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಮಕ್ಕಳಿಗೆ ಐದನೆಯ ಭಾಷೆ ಕಷ್ಟವಾಗದು. ಜೊತೆಗೆ ಅಂತರರಾಷ್ಟ್ರೀಯ ಸಂಬಂಧ ಅಥವಾ ಕ್ರೀಡಾ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು. ದೊಡ್ಡ ಟೂರ್ನಿಗಳು ಸ್ವಯಂಸೇವಕರನ್ನು ತಿಂಗಳುಗಳ ಮೊದಲೇ ಕರೆಯುತ್ತವೆ. ಅರ್ಜಿ ಹಾಕಲು ಪದವಿ ಮುಗಿಯಲಿ ಎಂದು ಕಾಯಬೇಡಿ.